ಸಿಗಡಿ ಸುಲಿಯುವ ಮೆಷಿನ್

ಸಿಗಡಿ ಸುಲಿಯುವ ಮೆಷಿನೊಂದನ್ನು ನಾನೇ ಕಂಡುಹಿಡಿದು ಉಪ್ಪುಂದದ ಹೆಂಗಸರಿಗೆ ಕೊಟ್ಟಿದ್ದೆ. ಹೇಗೆ ನಡೆಯುತ್ತಿದೆ ನೋಡೋಣವೆಂದು ಒಂದು ದಿನ ಹೇಳದೆ ಹೋದೆ. ಶೆಡ್ಡಿನಲ್ಲಿ ಅವರು ಕೈಯಲ್ಲೇ ಸುಲಿಯುತ್ತ ಬಿದ್ದು ಬಿದ್ದು ನಗುತ್ತಿದ್ದರು. ಮೆಷಿನಿಗೆ ಹಳೇ ಸೀರೆ ಹೊದಿಸಿದ್ದರು.

"ಹ್ವಾಯ್, ಅವ್ರ್ ಬಂದ್ರ್, ಮೆಷಿನ್ ಶುರು ಮಾಡಿ!" ಎಂದು ಯಾರೋ ಕೂಗಿದರು. ಸೀರೆ ಎಳೆದು ಸ್ವಿಚ್ ಹಾಕಿಯೇಬಿಟ್ಟರು. ಎಲ್ಲರ ಮಾತೂ ನಿಂತಿತು.

ನಾನೇ ಆಫ್ ಮಾಡಿ, "ಹಾಳಾಗಿತ್ತಾ?" ಎಂದೆ.

"ಇಲ್ಲೆ, ಲಾಯ್ಕ್ ಕೆಲ್ಸ ಮಾಡತ್ತ್," ಎಂದರು ಹಿರಿಯರಾದ ಗಿರಿಜಕ್ಕ. "ಆ ಗಲಾಟೆಗೆ ಒಬ್ರ್ ಮಾತ್ ಒಬ್ರಿಗ್ ಕೇಂತಿಲ್ಲೆ. ನಿಮ್ಗ್ ಬೇಜಾರಾತ್ತ್ ಅಂದೇಳಿ ಹೇಳ್ಲಿಲ್ಲ."

ಮೆಷಿನ್ ಮಾಡುವ ಮೊದಲು ಅವರ ಪಕ್ಕ ಒಂದು ದಿನವೂ ಕೂತವನಲ್ಲ ನಾನು. ನಾಚಿಕೆಯಿಂದ ಮುಖ ಎತ್ತಲಾಗದೆ ಅಲ್ಲೇ ಕೂತು ಸುಲಿಯತೊಡಗಿದೆ. ನಾನು ಸುಲಿದದ್ದನ್ನು ಗಿರಿಜಕ್ಕ, ನನಗೆ ಕಾಣಬಾರದೆಂದು ಬದಿಗೆ ತಿರುಗಿ, ಇನ್ನೊಮ್ಮೆ ಸುಲಿಯುತ್ತಿದ್ದರು.