ಹಳೆ ರೈಲ್ವೆ ಸಂಕಕ್ಕೆ ಗೇಟು ಹಾಕಿದ್ದು

ಫೆಬ್ರವರಿಯ ಎರಡನೆಯ ಭಾನುವಾರ, ಬೆಳಗ್ಗೆ ಎಂಟೂವರೆ. ಹಳೆ ರೈಲ್ವೆ ಸಂಕದ ಈಚೆ ತುದಿಯ ಶಾಮಿಯಾನದಲ್ಲಿ ಹಾಜರಿದ್ದವರು: ಸಂಕ ಸಂರಕ್ಷಣಾ ಸಮಿತಿಯ ಕಾರ್ಯದರ್ಶಿ, ಅಂದರೆ ನಿವೃತ್ತ ಬ್ಯಾಂಕ್ ಮ್ಯಾನೇಜರ್, ಗಲ್ಫಿನಿಂದ ಬಂದ, ಗೇಟಿನ ದಾನಿಯೂ ಆದ ಮುಖ್ಯ ಅತಿಥಿ, ಸನ್ಮಾನಕ್ಕೆಂದು ಇಸ್ತ್ರಿ ಅಂಗಿ ಹಾಕಿಕೊಂಡು ಬಂದ ವೆಲ್ಡರ್, ಆಸ್ಪತ್ರೆಯ ವಾರ್ಡುಗಳನ್ನು ನಡೆಸಿ ನಿವೃತ್ತಳಾದ ನಾನು, ಮತ್ತು ಬಹಳಷ್ಟು ಖಾಲಿ ಕುರ್ಚಿಗಳು. ಸಮಿತಿಯಲ್ಲಿ ಹೆಂಗಸು ನಾನೊಬ್ಬಳೇ. ನನ್ನ ಹೊಣೆ ಚಹಾ.

ಬೈಲಿನ ಗದ್ದೆಗಳ ಮೇಲೆ ಐದು ಕಲ್ಲಿನ ಕಮಾನುಗಳ ಸೇತುವೆ ಇದು, ನಮ್ಮ ಬಾಯಲ್ಲಿ ಸಂಕ. ನಾನು ನರ್ಸಿಂಗ್ ಕಲಿಯುತ್ತಿದ್ದಾಗ ಇದರ ಮೇಲೆ ರೈಲು ಓಡುತ್ತಿತ್ತು. ಬಿಳಿ ಯೂನಿಫಾರ್ಮ್ ಒಣಹಾಕಿದರೆ ಮಸಿ ಹಿಡಿದು ಮೇಟ್ರನ್‌ರಿಂದ ಬೈಸಿಕೊಳ್ಳುತ್ತಿದ್ದೆ. ಆಮೇಲೆ ಗುಡ್ಡ ಕಡಿದು ದಾರಿ ನೆಟ್ಟಗೆ ಮಾಡಿದರು, ಆಚೆ ಕಾಂಕ್ರೀಟ್ ಸೇತುವೆ ಬಂತು. ಇಲ್ಲಿಯ ಹಳಿಗಳನ್ನು ರೈಲ್ವೆಯವರು ಕಿತ್ತುಕೊಂಡು ಹೋದರು. ಮರದ ಸ್ಲೀಪರುಗಳು ಉಳಿದವು. ಒಂದು ಮಳೆಗಾಲ ಮುಗಿಯುವುದರೊಳಗೆ ಅವೂ ಉಳಿಯಲಿಲ್ಲ.

ಕಳೆದ ವರ್ಷ ಸಮಿತಿಗೆ ಇದು ಪರಂಪರೆ ಎಂದು ಜ್ಞಾನೋದಯವಾಯಿತು. ಇತಿಹಾಸ ಬರೆಯಲು ಸಭೆ ಕರೆದರು. ಒಬ್ಬರ ಅಜ್ಜ ಜಾಗ ಕೊಟ್ಟಿದ್ದರಂತೆ. ಇನ್ನೊಬ್ಬರ ಮನೆತನದ ಕೋರೆಯಿಂದ ಕಲ್ಲು ಬಂದಿತ್ತಂತೆ. ನಮ್ಮ ಇಗರ್ಜಿಯ ಹಿರಿಯರೊಬ್ಬರು, ಸುಣ್ಣ ಕೊಟ್ಟದ್ದು ಆಗಿನ ಪಾದ್ರಿಗಳೇ ಎಂದರು. ಯಾರ ಅಜ್ಜನೂ ಕಲ್ಲು ಹೊತ್ತಿರಲಿಲ್ಲ. ಕಲ್ಲು ತಾನೇ ನಡೆದುಕೊಂಡು ಬಂದು ಕಮಾನಾಗಿರಬೇಕು.

“ಸ್ಲೀಪರುಗಳು ಎಲ್ಲಿಗೆ ಹೋದವು ಎಂದೂ ಬರೆಯುವ,” ಎಂದೆ.

ನಾವು ಕುಳಿತಿದ್ದ ಜಗಲಿಯ ಬೆಂಚು ಅದೇ ಮರದ್ದು.

“ಸಿಸ್ಟರ್, ಚಹಾ ಆಯ್ತಾ?” ಎಂದರು ಕಾರ್ಯದರ್ಶಿ.

ಆ ಸಭೆಗೆ ಸಂಕದ ಆಚೆ ಬದಿಯ ಹೂವಿನಕ್ಕನೂ ಬಂದಿದ್ದಳು. ನಸುಕಿನಲ್ಲಿ ಅಂಗಳದ ಮಲ್ಲಿಗೆ ಕೊಯ್ದು, ಕಟ್ಟಿ, ಸಂಕ ದಾಟಿ ಮೊದಲ ಬಸ್ಸಿಗೆ ಹಂಪನಕಟ್ಟೆಯ ಪೇಟೆಗೆ ಮಾರಲು ಹೋಗುವವಳು. ಅವಳ ಸಂಸಾರ ನಡೆಯುವುದೇ ಆ ಬುಟ್ಟಿಯಿಂದ. ಸಂಕದ ಎರಡೂ ತುದಿಗೆ ಗೇಟು, ಪ್ರವೇಶ ಒಂಬತ್ತು ಗಂಟೆಯ ನಂತರ ಎಂದು ಸಮಿತಿ ತೀರ್ಮಾನಿಸಿತ್ತು. ಒಂಬತ್ತಕ್ಕೆ ಹೊರಟ ಮಲ್ಲಿಗೆಯನ್ನು ಯಾರು ಕೊಳ್ಳುತ್ತಾರೆ?

“ಹೈವೇಯಲ್ಲಿ ಸುತ್ತಿ ಹೋಗಿ ಅಕ್ಕ,” ಎಂದರು ಕಾರ್ಯದರ್ಶಿ. “ಜನ ನಡೆದು ನಡೆದು ಸಂಕ ಸವೆಯುತ್ತದೆ.”

“ರೈಲು ಓಡಿ ಸವೆಯದ್ದು ನನ್ನ ಚಪ್ಪಲಿಗೆ ಸವೆಯುತ್ತದಾ ಮಾರಾಯ್ರೆ?”

ಗೇಟು ಬಂತು.

ಮುಖ್ಯ ಅತಿಥಿಗಿಂತ ಮೊದಲು ಯಾರೂ ಕಾಲಿಡಬಾರದೆಂದು ಶನಿವಾರ ಸಂಜೆಯೇ ಎರಡಕ್ಕೂ ಬೀಗ ಹಾಕಿದರು. ಕೀಲಿ ಖಜಾಂಚಿಯ ಸ್ಕೂಟರಿನ ಗೊಂಚಲಿಗೆ ಸೇರಿತು. ಭಾನುವಾರ ಬೆಳಗ್ಗೆ ಸ್ಕೂಟರು ಶಾಲು, ಪೇಟ ತರಲು ಪೇಟೆಗೆ ಹೋಯಿತು. ಹಾರ ತರಲು ಹೇಳಿದ್ದು, ಕಡಿಮೆಗೆ ಕೊಡುತ್ತಾಳೆಂದು, ಹೂವಿನಕ್ಕನಿಗೇ.

ಒಂಬತ್ತಾಗುವಾಗ ಅವಳು ಆಚೆ ಗೇಟಿನ ಹಿಂದೆ ಬುಟ್ಟಿ ಇಟ್ಟುಕೊಂಡು ನಿಂತಿದ್ದಳು. ಹೂ ಇಲ್ಲದೆ ನಮ್ಮಲ್ಲಿ ಯಾವ ಕಾರ್ಯಕ್ರಮವೂ ಶುರುವಾಗುವುದಿಲ್ಲ.

“ಅಕ್ಕಾ, ಬೈಲಿಗೆ ಇಳಿದು ಹತ್ತಿ ಬನ್ನಿ!” ಕಾರ್ಯದರ್ಶಿ ಕೂಗಿದರು.

“ಗದ್ದೆಗೆ ನೀರು ಬಿಟ್ಟಿದ್ದಾರೆ. ನೀವೇ ಇಳಿದು ಬನ್ನಿ. ನನ್ನ ಮೊಣಗಂಟು ನಿಮ್ಮ ಕಮಿಟಿಯದ್ದಲ್ಲ!”

ಕಾರ್ಯದರ್ಶಿ ತಮ್ಮ ಬಿಳಿ ಪ್ಯಾಂಟು ನೋಡಿಕೊಂಡರು. ಇಳಿಯಲಿಲ್ಲ.

ಅತಿಥಿ ಮುಖ ಒರೆಸಿಕೊಳ್ಳುತ್ತ ನನ್ನನ್ನು ಕೇಳಿದರು, “ಅವರು ಯಾಕೆ ಅಲ್ಲಿ ನಿಂತದ್ದು?”

“ನೀವು ಕೊಟ್ಟ ಗೇಟು ಉಂಟಲ್ಲ, ಅದಕ್ಕೆ,” ಎಂದು ಅವಳ ಬುಟ್ಟಿ, ಬಸ್ಸು, ಒಂಬತ್ತು ಗಂಟೆ ಎಲ್ಲವನ್ನೂ ಹೇಳಿದೆ. ವಾರ್ಡಿನಲ್ಲಿ ಡಾಕ್ಟರಿಗೆ ವರದಿ ಒಪ್ಪಿಸಿದಷ್ಟೇ ಚುಟುಕಾಗಿ.

“ದಾರಿಗೆ ಅಡ್ಡ ಹಾಕುವ ಗೇಟಾ? ದನ ಹತ್ತದ ಹಾಗೆ ಎಂದಿದ್ದರು ನನಗೆ.” ಅವರು ವೆಲ್ಡರನತ್ತ ತಿರುಗಿದರು. “ನೀನೇ ಹಾಕಿದ್ದಲ್ವಾ? ತೆಗಿ.”

“ಸಾರ್, ಉದ್ಘಾಟನೆ ಆಗದೆ ತೆಗೆಯುವುದು ಹೇಗೆ?” ಎಂದರು ಕಾರ್ಯದರ್ಶಿ. “ಕಾರ್ಡು ಹಂಚಿ ಆಗಿದೆ.”

ಹಾಗಾಗಿ ಖಜಾಂಚಿ ಬಂದ ಮೇಲೆ ಬೀಗ ತೆಗೆದು, ರಿಬ್ಬನ್ ಕತ್ತರಿಸಿ, ಆಗಲೇ ಅರಳಿಬಿಟ್ಟ ಮಲ್ಲಿಗೆಯ ಹಾರ ಹಾಕಿ, ಗೇಟನ್ನು ವಿಧಿವತ್ತಾಗಿ ಉದ್ಘಾಟಿಸಿದೆವು. ಗೇಟು ಹಾಕಿದ್ದಕ್ಕೆ ವೆಲ್ಡರಿಗೆ ಶಾಲು ಹೊದಿಸಿದೆವು. ಸಾರ್ವಜನಿಕರ ಹಿತದೃಷ್ಟಿಯಿಂದ ಅದನ್ನು ಇಂದೇ ತೆಗೆಯಲಾಗುವುದು ಎಂದು ಕಾರ್ಯದರ್ಶಿ ಮೈಕಿನಲ್ಲಿ, ತಮಗೇ ಹೊಳೆದದ್ದು ಎಂಬಂತೆ ಸಾರಿದರು. ಜೋರು ಚಪ್ಪಾಳೆ.

ಸಾರಿದ್ದನ್ನು ಮಾಡಿಸಲು ಯಾರೂ ನಿಲ್ಲುವುದಿಲ್ಲವೆಂದು ನನಗೆ ಗೊತ್ತಿತ್ತು. ಊಟ ಮುಗಿಸಿ, ವೆಲ್ಡರನ್ನು ಕರೆಸಿ, ಎರಡೂ ಗೇಟು ಕಳಚುವವರೆಗೆ ಬಿಸಿಲಲ್ಲಿ ಕೊಡೆ ಹಿಡಿದು ನಿಂತೆ. ಕಂಬದಲ್ಲಿ ಕಬ್ಬಿಣದ ಚೂಪು ಉಳಿದಿತ್ತು.

“ಅದು ಇರಲಿ ಬಾಯಮ್ಮ, ಯಾರಿಗೆ ತಾಗುತ್ತದೆ?” ಎಂದ.

“ಕತ್ತಲಲ್ಲಿ ಬುಟ್ಟಿ ಹೊತ್ತು ಬರುವವಳಿಗೆ. ಉಜ್ಜು.”

ಉಜ್ಜಿದ. ಬೆರಳಾಡಿಸಿ ನೋಡಿ, ಇನ್ನೊಮ್ಮೆ ಉಜ್ಜಿಸಿ, ಮನೆಗೆ ಬಂದೆ.