ಶುಕ್ರವಾರದ ಪೆಟ್ಟಿಗೆ

ಟೇಪಿಗೆ ತೇವ ಆಗದು ಎಂಬುದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದರೆ ನನ್ನ ಮಗ ನಂಬುತ್ತಾನೆ, ಸೊಸೆಯೂ ನಂಬುತ್ತಾಳೆ. ನಾಲ್ಕನೇ ಇಯತ್ತೆ ಓದಿದ ಮುದುಕಿಗೆ ಏನು ತಿಳಿದೀತು ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಆದರೆ ಗೋವಾದ ಮಳೆಗಾಲದಲ್ಲಿ ಉಪ್ಪು, ಹಪ್ಪಳ, ಬೆಂಕಿಪೆಟ್ಟಿಗೆ ಕಾಪಾಡಿಕೊಂಡು ಸಂಸಾರ ಮಾಡಿದವಳಿಗೆ ತೇವ ಏನು ಮಾಡುತ್ತದೆ ಎಂದು ಯಾರೂ ಕಲಿಸಬೇಕಾಗಿಲ್ಲ.

ನಾವು ಬೆಳಗಾವಿ ಕಡೆಯ ವ್ಯಾಪಾರಸ್ಥರು. ವಾಸ್ಕೋದಲ್ಲಿ ಮಾವನವರ ಕಾಲದಿಂದ ಪಾತ್ರೆ-ಭಾಂಡೆ ಅಂಗಡಿ ಇತ್ತು. ನನ್ನ ಗಂಡ ಹೋದ ಮೇಲೆ ಮಗ ಆ ವ್ಯಾಪಾರ ಬಿಟ್ಟ. ಹಿಂದಿನ ಗೋದಾಮಿಗೆ ಎ.ಸಿ. ಹಾಕಿಸಿ, ತೇವ ಹೀರುವ ಯಂತ್ರ ಇಟ್ಟು, ಕೊಪ್ಪರಿಗೆ ಕೊಡಗಳಿದ್ದ ಜಾಗದಲ್ಲಿ ಕಬ್ಬಿಣದ ಕಪಾಟುಗಳನ್ನು ನಿಲ್ಲಿಸಿದ. ಟೇಪ್ ಲೈಬ್ರರಿ ಎಂದ. ಲೈಬ್ರರಿ ಎಂದರೆ ಪುಸ್ತಕ ಬರುತ್ತವೆ ಎಂದುಕೊಂಡಿದ್ದೆ. ಬಂದದ್ದು ಅಂಗೈಯಗಲದ ಕಪ್ಪು ಡಬ್ಬಿಗಳು, ಒಳಗೆ ಹಳೆಯ ಕ್ಯಾಸೆಟ್ಟಿನಂಥ ರೀಲು. ದೊಡ್ಡ ಕಚೇರಿಗಳು, ದವಾಖಾನೆಗಳು ತಮ್ಮ ಕಂಪ್ಯೂಟರಿನಲ್ಲಿ ಇರುವುದನ್ನೆಲ್ಲ ಆ ರೀಲಿಗೆ ನಕಲು ಮಾಡಿ ನಮ್ಮಲ್ಲಿ ಇಡುತ್ತವೆ. ಅವರ ಕಟ್ಟಡಕ್ಕೆ ಬೆಂಕಿ ಬಿದ್ದರೂ ನಕಲು ಉಳಿಯಲಿ ಎಂದು. ಕಾಯುವ ಕೆಲಸ ನಮ್ಮದು. ಗೋದಾಮಿನ ಕೀಲಿ ಮಾತ್ರ ಮೊದಲಿನಂತೆ ನನ್ನ ಸೊಂಟದಲ್ಲೇ ಉಳಿಯಿತು.

ಒಳಗಿನ ಕೆಲಸಕ್ಕೆ ಧಾರವಾಡದ ಒಬ್ಬ ಹುಡುಗಿ ಇದ್ದಳು. ಅಪ್ಪ ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಈಕೆ ಕಂಪ್ಯೂಟರ್ ಓದಿ, ಕೊರ್ತಾಲಿಮ್‌ನಲ್ಲಿ ಬಾಡಿಗೆ ಕೋಣೆ ಹಿಡಿದು, ದಿನಾ ಬಸ್ಸಿಗೆ ಬರುತ್ತಿದ್ದಳು. ಪ್ರತಿ ಡಬ್ಬಿಗೂ ಗೆರೆಗೆರೆಯ ಚೀಟಿ ಅಂಟಿಸಿರುತ್ತದೆ. ಡಬ್ಬಿ ಒಳಗೆ ಬಂದರೂ ಹೊರಗೆ ಹೋದರೂ ಆಕೆ ಆ ಚೀಟಿಗೆ ಕೆಂಪು ಬೆಳಕು ಹಿಡಿಯುತ್ತಿದ್ದಳು. ಯಾವ ಡಬ್ಬಿ, ಯಾವ ಹೊತ್ತು, ಯಾರ ಕೈಯಿಂದ ಎಂಬುದನ್ನು ಕಂಪ್ಯೂಟರ್ ತಾನೇ ಬರೆದುಕೊಳ್ಳುತ್ತಿತ್ತು. ಆ ಬರಹದಿಂದ ಗಿರಾಕಿಗಳಿಗೆ ರಿಪೋರ್ಟು ಮಾಡಿ ಕಳಿಸುವುದು ಆಕೆಯ ದೊಡ್ಡ ಕೆಲಸ. ಕಂಪ್ಯೂಟರಿನಲ್ಲಿ ಸಿದ್ಧವಾಗಿ ಬರುವ ರಿಪೋರ್ಟು ಯಾರಿಗೂ ಸಾಲುತ್ತಿರಲಿಲ್ಲ. ಒಬ್ಬರಿಗೆ ಹೊರಗೆ ಹೋಗಿ ವಾಪಸು ಬಾರದ ಡಬ್ಬಿಗಳಷ್ಟೇ ಬೇಕು. ಇನ್ನೊಬ್ಬರಿಗೆ ಅವಧಿ ಮುಗಿದು ಅಳಿಸಬಹುದಾದವು ಬೇಕು. ಮತ್ತೊಬ್ಬರಿಗೆ ಯಾವ ರೀಲು ಎಷ್ಟು ಸಲ ಓಡಿದೆ ಎಂಬುದು ಬೇಕು, ಓಡಿದಷ್ಟೂ ರೀಲು ಸವೆಯುತ್ತದಂತೆ.

"ಕುಬಸ ಹೊಲಿದಂಗ್ರಿ ಅಜ್ಜಿ," ಎನ್ನುತ್ತಿದ್ದಳು. "ಒಬ್ಬೊಬ್ಬರ ಅಳತಿ ಒಂದೊಂದು. ಕೊಟ್ಟ ಮ್ಯಾಲ ಬಗಲಾಗ ಬಿಗಿ ಆತು ಅಂತ ಹೊಳ್ಳಿ ತರತಾರ."

ದೀಪಾವಳಿ ಆದ ಮೇಲೆ ಇಡೀ ಲೈಬ್ರರಿಯನ್ನು ಆಕೆಯ ಕೈಗೇ ಒಪ್ಪಿಸುತ್ತೇನೆ ಎಂದು ಮಗ ಮಾತು ಕೊಟ್ಟಿದ್ದ. ಆಕೆ ಅಪ್ಪನಿಗೆ ಫೋನಿನಲ್ಲಿ ಹೇಳಿಯೂ ಬಿಟ್ಟಿದ್ದಳು. ನನಗೆ ಕೇಳಲಿ ಎಂದೇ ಜೋರಾಗಿ ಹೇಳಿದಳು.

ಇನ್ನು ನನ್ನ ದೀಪದ ಮಾತು. ಶುಕ್ರವಾರ ಸಂಜೆ ದೀಪ ಹಚ್ಚಿದ ಮೇಲೆ ನಮ್ಮ ಅಂಗಡಿಯಿಂದ ಏನೂ ಹೊರಗೆ ಹೋಗುವುದಿಲ್ಲ. ಲಕ್ಷ್ಮಿ ಒಳಗೆ ಬರುವ ಹೊತ್ತಿನಲ್ಲಿ ಸಾಮಾನು ಹೊರಗೆ ಹಾಕಬಾರದು. ಇದು ಅತ್ತೆ ನಡೆಸಿದ್ದು, ಅವರ ಅತ್ತೆ ನಡೆಸಿದ್ದು. ನಮ್ಮ ದೊಡ್ಡ ಗಿರಾಕಿಯಾದ ದವಾಖಾನೆಯ ಗಾಡಿ ವಾರಕ್ಕೆ ಎರಡು ಸಲ ಬರುತ್ತಿತ್ತು, ಮಂಗಳವಾರ ಬೆಳಿಗ್ಗೆ ಮತ್ತು ಶುಕ್ರವಾರ ಮಧ್ಯಾಹ್ನ. ಹೊಸ ಟೇಪುಗಳನ್ನು ಇಳಿಸಿ, ಅವಧಿ ಮುಗಿದ ಹಳೆಯವನ್ನು ಮತ್ತೆ ಬಳಸಲು ಒಯ್ಯುತ್ತಿತ್ತು. ತೊಂದರೆ ಇರಲಿಲ್ಲ. ಆಮೇಲೆ ಶುಕ್ರವಾರ ಅವರ ಕಡೆ ನಕಲು ಮುಗಿಯುವುದೇ ತಡವಾಗತೊಡಗಿತು.

"ಅವ್ವ, ದವಾಖಾನಿ ಗಾಡಿ ಶುಕ್ರವಾರ ಇನ್ಮ್ಯಾಲ ಕತ್ತಲಾದ ಮ್ಯಾಲ ಬರತೈತಿ," ಎಂದ ಮಗ. "ದೀಪ ಹಚ್ಚಿದ ಮ್ಯಾಲ ಕೊಡಬೇಕಾಗತೈತಿ ನೋಡು."

"ದೀಪ ಹಚ್ಚಿದ ಮ್ಯಾಲ ಒಂದ ಚಮಚಾನೂ ಈ ಹೊಸ್ತಿಲ ದಾಟಿಲ್ಲ. ಬೇಕಾರ ನಿಮ್ಮಪ್ಪನ ಕೇಳು."

"ಅಪ್ಪನ್ನ ಎಲ್ಲಿ ಹುಡಿಕ್ಕೊಂಡ ಹೋಗಿ ಕೇಳ್ಲಿ?"

"ಹಂಗಾರ ಬದುಕಿದಾಕಿ ಮಾತ ಕೇಳು."

ದಾರಿಯನ್ನೂ ನಾನೇ ತೋರಿಸಿದೆ. ಭಾಂಡೆ ಅಂಗಡಿಯಲ್ಲಿ ಅತ್ತೆ ಮಾಡುತ್ತಿದ್ದದ್ದೇ. ಶುಕ್ರವಾರ ತಡವಾಗಿ ಬರುತ್ತೇವೆ ಎಂದು ಮೊದಲೇ ಹೇಳಿಹೋದ ಗಿರಾಕಿಯ ಸಾಮಾನನ್ನು ದೀಪಕ್ಕಿಂತ ಮೊದಲೇ ಹೊಸ್ತಿಲು ದಾಟಿಸಿ ಹೊರಗಿನ ಕಟ್ಟೆಯ ಮೇಲೆ ಇಟ್ಟುಬಿಡುತ್ತಿದ್ದರು. ಅಲ್ಲಿಂದ ಯಾವಾಗ ಒಯ್ದರೂ ದೋಷವಿಲ್ಲ, ಅದು ಮನೆಯಿಂದ ಹೋಗಿ ಆಗಿದೆ. ಹಾಗೆಯೇ ಶುಕ್ರವಾರದ ಟೇಪಿನ ಪೆಟ್ಟಿಗೆ ಕಟ್ಟೆಗೆ ಬರಲಿ ಎಂದೆ. ಇತ್ತ ದೇವಿಗೂ ಸರಿ, ಅತ್ತ ಗಿರಾಕಿಗೂ ಸರಿ. ನನ್ನ ಬುದ್ಧಿಗೆ ನಾನೇ ಮೆಚ್ಚಿದೆ.

ಹುಡುಗಿ ಒಪ್ಪಲಿಲ್ಲ. "ಅಜ್ಜಿ, ತಂಪಿನ್ಯಾಗ ಇದ್ದದ್ದನ್ನ ಈ ಸೆಕಿಗೆ ತಂದಿಟ್ಟರ ಬೆವರತೈತ್ರಿ ಅದು. ಫ್ರಿಜ್ಜಿನ ಬಾಟ್ಲಿ ಬೆವರೂದಿಲ್ಲೇನ್ರಿ, ಹಂಗ."

"ಪೆಟಗಿಗೆ ಮುಚ್ಚಳ ಐತಿ, ಕಟ್ಟಿ ಮ್ಯಾಲ ತಗಡ ಐತಿ. ಬೆವರಿದ್ರ ಒರಿಸ್ಕೋತಾರ."

"ರೀಲ ಹೆಂಗ ಒರಸ್ತಾರ್ರಿ? ಅದೇನ ತಾಟೇನ್ರಿ?"

"ಸಂಬಳ ಕೊಡೋ ಮನಿ ದೀಪದ ಕಡೇನೂ ಒಂದೀಟ ನೋಡಬೇಕವಾ," ಎಂದೆ.

ಆ ಮಾತಿನ ಮೇಲೆ ಆಕೆ ಎದುರಾಡಲಿಲ್ಲ. ಎದುರಾಡಬಾರದು ಎಂದೇ ನಾನು ಆ ಮಾತು ಆಡಿದ್ದು. ಅಂದಿನಿಂದ ಶುಕ್ರವಾರ ನಾನು ಬತ್ತಿ ಹೊಸೆಯಲು ಕುಳಿತರೆ ಸಾಕು, ಆಕೆ ಟೇಪುಗಳಿಗೆ ಬೆಳಕು ಹಿಡಿದು, ಪೆಟ್ಟಿಗೆ ತುಂಬಿ, ಕಟ್ಟೆಗೆ ಇಟ್ಟು ಬರುತ್ತಿದ್ದಳು. ಕಂಪ್ಯೂಟರ್ ಆ ಹೊತ್ತನ್ನು ಬರೆದುಕೊಳ್ಳುತ್ತಿತ್ತು. ಸುಳ್ಳೇನೂ ಬರೆಯಲಿಲ್ಲ. ಗಾಡಿ ತನ್ನ ಪುರಸೊತ್ತಿನಲ್ಲಿ ಬರುತ್ತಿತ್ತು. ಜೂನ್ ತಿಂಗಳ ಗಾಳಿಮಳೆ ತಗಡಿನ ಕೆಳಗೆ ಅಡ್ಡಡ್ಡ ಹೊಡೆಯುತ್ತಿದ್ದರೂ ಪೆಟ್ಟಿಗೆ ಅಲ್ಲೇ ಇರುತ್ತಿತ್ತು. ನಾನು ಒಳಗೆ ದೀಪದ ಮುಂದೆ ಇರುತ್ತಿದ್ದೆ.

ದವಾಖಾನೆಯ ಯಂತ್ರ ತಕರಾರು ತೆಗೆಯಿತು. ಅಲ್ಲಿ ಆ ಟೇಪುಗಳನ್ನು ಹಾಕಿದರೆ ಓಡುತ್ತಿರಲಿಲ್ಲ, ಮತ್ತೆ ಮತ್ತೆ ಒಳಗೆ ಸ್ವಚ್ಛ ಮಾಡಿ ಎಂದು ಹೇಳುತ್ತಿತ್ತಂತೆ. ಒಂದು ವಾರ ರೋಗಿಗಳ ಎಕ್ಸ್‌ರೇ ಫೋಟೋಗಳ ನಕಲೇ ಆಗಲಿಲ್ಲ. ಏನೂ ಕಳೆದುಹೋಗಲಿಲ್ಲ, ಆದರೆ ಅವರಿಗೆ ಹೆದರಿಕೆ ಹೊಕ್ಕಿತು. ಅಲ್ಲಿನ ಕಂಪ್ಯೂಟರ್ ವಿಭಾಗದ ಸಾಹೇಬ ಹೊಸ ರಿಪೋರ್ಟು ಕೇಳಿದ: ಪ್ರತಿ ಟೇಪು ನಮ್ಮ ತಂಪು ಕೋಣೆ ಬಿಟ್ಟದ್ದು ಯಾವಾಗ, ಅವರ ಕೈ ಸೇರಿದ್ದು ಯಾವಾಗ, ಆಮೇಲೆ ಅವರ ಯಂತ್ರದಲ್ಲಿ ಅದು ಎಷ್ಟು ಸಲ ಓಡಿತು, ಎಷ್ಟು ಸಲ ನಿಂತಿತು.

ನಮ್ಮ ಬರಹವನ್ನು ಅವರ ಯಂತ್ರದ ಬರಹದ ಜೊತೆ ಹೊಂದಿಸಬೇಕಿತ್ತು. ಅದು ಹೊಂದಲಿಲ್ಲ. ಆಕೆ ತಲೆ ಕೆರೆದುಕೊಳ್ಳುತ್ತ ಕುಳಿತಳು, ನಾನು ಆಕೆಯ ಮೇಜಿನ ಈಚೆ ಕುಳಿತೆ. ಗಾಜಿನ ಸಂದಿಯಿಂದ ಬರುವ ತಂಪಿಗಾಗಿ ನಾನು ಮಧ್ಯಾಹ್ನ ಅಲ್ಲೇ ಕೂರುವುದು. ಕೊನೆಗೆ ತಿಳಿಯಿತು: ನಮ್ಮ ಚೀಟಿಯ ಕೊನೆಯ ಎರಡು ಅಕ್ಷರಗಳನ್ನು ಅವರ ಯಂತ್ರ ಬರೆದುಕೊಳ್ಳುವುದೇ ಇಲ್ಲ. ಆ ಎರಡನ್ನು ಕತ್ತರಿಸಿದ ಮೇಲೆ ಸಾಲಿಗೆ ಸಾಲು ಕೂಡಿತು. ಆಕೆ ಖುಷಿಯಿಂದ ಮೇಜು ಬಡಿದಳು. ಆಮೇಲೆ ಮಂಗಳವಾರ, ಶುಕ್ರವಾರ ಎಂದು ದಿನದ ಪ್ರಕಾರ ಜೋಡಿಸಿ, ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದಳು.

"ಅಜ್ಜಿ, ಇಲ್ಲೆ ನೋಡ್ರಿ."

"ಇಂಗ್ಲೀಷ ನನಗೇನ ತಿಳೀತೈತಿ?"

"ಕೆಂಪು ತಿಳೀತೈತಲ್ರಿ. ಕೆಂಪು ನೋಡ್ರಿ."

ಯಂತ್ರದಲ್ಲಿ ನಿಂತ ಟೇಪುಗಳಿಗೆಲ್ಲ ಆಕೆ ಕೆಂಪು ಬಣ್ಣ ಹಾಕಿದ್ದಳು. ಕೆಂಪೆಲ್ಲ ಒಂದೇ ದಿನದ ಕೆಳಗೆ ಬಿದ್ದಿತ್ತು. ಯಾವ ದಿನ ಎಂದು ನಾನು ಕೇಳಬೇಕಾಗಿರಲಿಲ್ಲ.

"ವಾರದ ಕಾಲಂ ತೆಗೀಲೇನ್ರಿ? ಅವರು ತಾರೀಖ ಅಷ್ಟ ಕೇಳ್ಯಾರ."

"ತಾರೀಖ ಇದ್ದರ ಅವರ ಮನ್ಯಾಗ ಕ್ಯಾಲೆಂಡರ ಇಲ್ಲೇನು? ಇರಲಿ ಬಿಡು."

ದೊಡ್ಡ ಧೈರ್ಯ ಮಾಡಿದೆ ಎಂದುಕೊಂಡೆ. ಅದರ ಪಕ್ಕದ ಕಾಲಮ್ಮಿನಲ್ಲಿ, ಟೇಪು ಹೊರಗೆ ಕೊಟ್ಟವರು ಯಾರು ಎಂಬಲ್ಲಿ, ಮೇಲಿನಿಂದ ಕೆಳಗಿನವರೆಗೆ ಆಕೆಯ ಹೆಸರೇ ಇತ್ತು. ಅದು ನನಗೆ ಆಮೇಲೆ ಮಗನಿಂದ ತಿಳಿಯಿತು.

ಸಾಹೇಬ ಆ ಕಾಗದ ಹಿಡಿದುಕೊಂಡು ತಾನೇ ಬಂದ. ನಾನು ಚಹಾ ಇಟ್ಟು ಅಲ್ಲೇ ಕುಳಿತೆ. ಅವನು ಕೊಂಕಣಿಯಲ್ಲಿ ಮಗನನ್ನು ಕೇಳಿದ, ಶುಕ್ರವಾರ ಮಾತ್ರ ಟೇಪುಗಳು ಇಷ್ಟು ಹೊತ್ತು ಎಲ್ಲಿದ್ದವು ಎಂದು. ಮಗ ಬಾಯಿ ತೆರೆಯುವ ಮೊದಲೇ ನಾನು ಕೊಂಕಣಿಯಲ್ಲೇ ಹೇಳಿಬಿಟ್ಟೆ: ದೀಪ, ಹೊಸ್ತಿಲು, ಕಟ್ಟೆ, ಎಲ್ಲ. ತಪ್ಪು ನನ್ನದು, ಈ ಹುಡುಗಿ ಬೇಡ ಎಂದಿದ್ದಳು ಎಂದೂ ಹೇಳಿದೆ.

ಅವನು ನನ್ನ ಮೇಲೆ ಸಿಟ್ಟಾಗಲಿಲ್ಲ. ಮಗನ ಕಡೆ ತಿರುಗಿದ. ಹುಡುಗಿಯೊಬ್ಬಳ ತಪ್ಪಾದರೆ ನನಗೆ ಅರ್ಥವಾಗುತ್ತದೆ, ನಿಮ್ಮ ಅಂಗಡಿಯ ಪದ್ಧತಿಯೇ ಹೀಗಿದ್ದರೆ ನಾಳೆ ಗಾಡಿ ಕಳಿಸಿ ನಮ್ಮವನ್ನೆಲ್ಲ ಒಯ್ಯುತ್ತೇನೆ ಎಂದ. ನಮ್ಮ ಕಪಾಟುಗಳಲ್ಲಿ ಅರ್ಧಕ್ಕರ್ಧ ಅವರವೇ. ಮಗನ ಮುಖ ಬಿಳಚಿಕೊಂಡಿತು.

ಆಗ ಹುಡುಗಿ ಎದ್ದು ನಿಂತಳು. ತನಗೆ ಬರುವ ಅರೆಬರೆ ಕೊಂಕಣಿಯಲ್ಲಿ, ಅಜ್ಜಿ ನನ್ನನ್ನು ಉಳಿಸಲು ಹೀಗೆ ಹೇಳುತ್ತಿದ್ದಾರೆ, ಕೊರ್ತಾಲಿಮ್ ಬಸ್ಸು ತಪ್ಪುತ್ತದೆ ಎಂದು ನಾನೇ ಪೆಟ್ಟಿಗೆಯನ್ನು ಬೇಗ ಹೊರಗಿಟ್ಟು ಹೋಗುತ್ತಿದ್ದೆ ಎಂದಳು.

ಅವನ ಮುಖ ಸಡಿಲಾಯಿತು. ಇದು ಅವನಿಗೆ ತಿಳಿಯುವಂಥ ಮಾತು. ಬಸ್ಸು ಎಲ್ಲರಿಗೂ ತಪ್ಪುತ್ತದೆ. ನನ್ನ ಕಡೆ ನೋಡಿ ನಕ್ಕು, "ಆಯಿ, ನಿಮ್ಮ ಮನಸ್ಸು ದೊಡ್ಡದು" ಎಂದ.

ಅವನು ನನ್ನ ಮಾತಿಗೆ ಕಾಯುತ್ತಿದ್ದ. ಮಗನೂ ಕಾಯುತ್ತಿದ್ದ. ನಾನು ಹೇಳಿದ್ದು ಇಷ್ಟು: "ಚಹಾ ಆರುತ್ತದೆ, ಕುಡಿಯಿರಿ."

ಕಾಗದದಲ್ಲಿ ಕಾರಣದ ಕಾಲಂ ಒಂದು ಹೊಸದಾಗಿ ಸೇರಿತು. ಅದನ್ನೂ ಆಕೆಯೇ ತುಂಬಿದಳು, ಸಿಬ್ಬಂದಿಯ ಅಲಕ್ಷ್ಯ ಎಂದು. ದವಾಖಾನೆಯ ಟೇಪನ್ನು ಆಕೆ ಇನ್ನು ಮುಟ್ಟಬಾರದು ಎಂದು ಸಾಹೇಬ ಹೇಳಿ ಹೋದ.

"ಯಾಕ ಹಂಗಂದಿ?" ಎಂದು ಆಕೆಯನ್ನು ಕೇಳಿದೆ.

"ಅವರು ಎಲ್ಲಾ ಒಯ್ದರ ನನ್ನ ಕೆಲಸ ಎಲ್ಲಿ ಉಳೀತಿತ್ರಿ ಅಜ್ಜಿ? ಹಿಂಗಂದರ ಸಾಹುಕಾರ್ರು ನೆನಪಿಡತಾರ ಅಂತ ಅಂದೆ."

ಸಾಹುಕಾರ, ಅಂದರೆ ನನ್ನ ಮಗ, ನೆನಪಿಡಲಿಲ್ಲ. ಅರ್ಧ ಕಪಾಟು ಮುಟ್ಟದವಳ ಕೈಗೆ ಇಡೀ ಲೈಬ್ರರಿ ಹೇಗೆ ಕೊಡಲಿ ಎಂದ. ಮಳೆ ನಿಲ್ಲುವ ಹೊತ್ತಿಗೆ, ಬೇರೆ ಕಡೆ ನೋಡಿಕೋ ಎಂದು ಮೆತ್ತಗೆ ಹೇಳಿದ. ನಾನು ಅಡಿಗೆಮನೆಯಲ್ಲಿ ಅವನನ್ನು ಹಿಡಿದು ಬೈದೆ.

"ಅವ್ವ, ನೀ ಖರೇ ಹೇಳಿದ್ದಕ್ಕ ಮುಳಗಾಕತ್ತಿದ್ವಿ," ಎಂದ. "ಆಕಿ ಸುಳ್ಳ ಹೇಳಿ ಎತ್ತಿದಳು. ಆವಾಗ ನೀನೂ ಸುಮ್ನ ಕುಂತಿದ್ದಿ. ಈಗ್ಯಾಕ ಒದರತಿ?"

ಆ ರಿಪೋರ್ಟಿನಲ್ಲಿ ಆಕೆಯ ಹೆಸರು ತೆಗೆದು ನನ್ನದು ಹಾಕಲು ಬರುವುದಿಲ್ಲವೇ ಎಂದು ಕೇಳಿದೆ. ಕಳಿಸಿದ ರಿಪೋರ್ಟು ತಿದ್ದಲು ಬರುವುದಿಲ್ಲ ಎಂದ. ಆಕೆ ಹೋಗುವ ದಿನ ಒಂದು ಇಳಕಲ್ ಸೀರೆ ಕೊಡಲು ಹೋದೆ.

"ಸೀರಿ ಬ್ಯಾಡ್ರಿ ಅಜ್ಜಿ. ನಾ ಉಡೂದಿಲ್ಲ," ಎಂದಳು. ಕಾಲಿಗೆ ಬಿದ್ದಳು, ಅದು ರೂಢಿ. ಬಸ್ಸಿಗೆ ಹೋದಳು.

ಸಾಹೇಬ ಬಂದುಹೋದ ಮೇಲಿನ ಮೊದಲ ಶುಕ್ರವಾರವೇ ನಾನು ಕೀಲಿಯನ್ನು ಮಗನ ಕೈಗೆ ಕೊಟ್ಟಿದ್ದೆ. ಈಗ ದೀಪ ಉರಿಯುತ್ತಿರುವಾಗಲೇ ಪೆಟ್ಟಿಗೆ ತಂಪು ಕೋಣೆಯಿಂದ ನೇರ ಗಾಡಿಗೆ ಹೋಗುತ್ತದೆ. ದೇವಿ ಮುನಿಯಲಿಲ್ಲ. ವ್ಯಾಪಾರವೂ ಕುಂದಲಿಲ್ಲ. ಹುಡುಗಿ ಬೇಡಿಕೊಂಡಾಗ ಬಿಡಲಾಗದ ಪದ್ಧತಿಯನ್ನು ಗಿರಾಕಿ ಕಣ್ಣು ಕೆಂಪು ಮಾಡಿದ ಕೂಡಲೇ ಬಿಟ್ಟೆ. ಇದನ್ನು ನೆನೆದರೆ ನನಗೆ ಅನ್ನ ಸೇರುವುದಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅನ್ನ ಸೇರುತ್ತದೆ. ಉಂಡು ಕೈ ತೊಳೆಯುವಾಗ ನೆನಪಾಗುತ್ತದೆ.

ಕೆಲವು ದಿನಗಳ ಮೇಲೆ ಒಂದು ಫೋನ್ ಬಂತು. ಮಗ ಮಡಗಾಂವಿಗೆ ಹೋಗಿದ್ದ, ನಾನೇ ಎತ್ತಿದೆ. ದಾಬೋಲಿಮ್‌ನಲ್ಲಿ ವಿಮಾನದ ಸಾಮಾನು ಸಾಗಿಸುವ ಒಂದು ಕಚೇರಿಯವನು. ಹುಬ್ಬಳ್ಳಿ ಕಡೆಯ ಮಾತು. ಹುಡುಗಿ ಅಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ದಳಂತೆ.

"ಕೆಲಸ ಹೆಂಗ್ರಿ ಆಕಿದು?"

"ಚಲೋ."

"ಅಷ್ಟ ಚಲೋ ಇದ್ದರ ಬಿಟ್ಟದ್ದ್ಯಾಕ್ರಿ?"

ನಡೆದದ್ದೆಲ್ಲ ನಾಲಿಗೆಯ ತುದಿಗೆ ಬಂತು. ಬಸ್ಸಿನ ಮಾತಿಗೆ ಸಾಹೇಬ ನಂಬಿ ನಕ್ಕದ್ದೂ ನೆನಪಾಯಿತು.

"ನನ್ನ ಕಾಟಕ್ಕ," ಎಂದೆ.

"ಅಂದ್ರ?"

"ಮುದುಕಿ ಅದೇನಿ, ಬಾಯಿ ಭಾಳ. ಅದನ್ನ ಅಲ್ಲಿಡು, ಇದನ್ನ ಈಗ ಹೊರಗ ಹಾಕು ಅಂತ ಜೀವಾ ತಿಂದೆ. ಸಾಕಾಗಿ ಹೋದಳು."

ಅವನು ಗಟ್ಟಿಯಾಗಿ ನಕ್ಕ. "ನಮ್ಮ ಮನ್ಯಾಗೂ ಒಬ್ಬರದಾರ ಬಿಡ್ರಿ!" ಎಂದ. ಒಂದು ಮಾತೂ ಮರುಕೇಳದೆ ನಂಬಿದ.

ಆಕೆಗೆ ಆ ಕೆಲಸ ಸಿಕ್ಕಿತು ಎಂದು ಮಗ ಆಮೇಲೆ ಹೇಳಿದ. ನಾನು ಏನು ಹೇಳಿದೆ ಎಂಬುದು ಆಕೆಗೆ ತಿಳಿಯಿತೋ ಇಲ್ಲವೋ ಗೊತ್ತಿಲ್ಲ. ಆಕೆ ಫೋನ್ ಮಾಡಿಲ್ಲ. ಮಾಡಬೇಕಾದವಳು ಆಕೆಯಲ್ಲ. ದಾಬೋಲಿಮ್ ನಮ್ಮ ಮನೆಯಿಂದ ದೂರವೇನಲ್ಲ, ಬಸ್ಸು ನಮ್ಮ ಬಾಗಿಲ ಮುಂದಿನಿಂದಲೇ ಹೋಗುತ್ತದೆ. ನಾನು ಇನ್ನೂ ಹತ್ತಿಲ್ಲ.