ಮೊಣಕಾಲಿಗೆ ಹಚ್ಚಿದ ವಿಭೂತಿ

ಫೋನು ಬಂದಾಗ ನಾನು ಪಡಸಾಲೆಯಲ್ಲಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದೆ. ಯಜಮಾನರು ಮಗಳನ್ನು ಕರೆದುಕೊಂಡು ನಮ್ಮೂರು ಬಶೀರಾಬಾದಿನಿಂದ ತಾಂಡೂರಿನ ಆಸ್ಪತ್ರೆಗೆ ಹೋಗಿದ್ದರು. ಜಹೀರಾಬಾದಿನಲ್ಲಿ ಕಬಡ್ಡಿ ಆಡುವಾಗ ಅವಳ ಮೊಣಕಾಲಿನ ಲಿಗಮೆಂಟ್ ಹರಿದು, ಆಪರೇಷನ್ ಆಗಿ ವರ್ಷ ತುಂಬುತ್ತಾ ಬಂದಿತ್ತು. ಮತ್ತೆ ಆಡಬಹುದೋ ಇಲ್ಲವೋ ಎಂದು ಫಿಸಿಯೋಥೆರಪಿಯ ಡಾಕ್ಟರಮ್ಮ ಅವತ್ತು ಹೇಳುವವರಿದ್ದರು.

“ಕಾಲು ಗಟ್ಟಿ ಆಗ್ಯಾದ ಅಂತ. ಮನಸ್ಸು ಇನ್ನಾ ತಯಾರಿಲ್ಲ ಅಂದ್ರು. ಈಗೇ ಆಡಾಕ ಬ್ಯಾಡ ಅಂತ,” ಅಂದರು ಯಜಮಾನರು.

“ಛಲೋ ಆತು ಬಿಡ್ರಿ!”

ಯಜಮಾನರು ಫೋನು ಇಟ್ಟುಬಿಟ್ಟರು. ಫೋನಿನ ಸ್ಪೀಕರ್ ಹಾಕಿದ್ದರು, ಮಗಳು ಪಕ್ಕದಲ್ಲೇ ನಿಂತಿದ್ದಳು ಎಂದು ಆಮೇಲೆ ತಿಳಿಯಿತು.

ಸಂಜೆ ಬಂದವಳು ಕೈಕಾಲು ತೊಳೆದು ಗೋಡೆಗೆ ಒರಗಿದಳು. ಚಹಾ ಕೊಟ್ಟೆ. ಮುಖ ನೋಡುವ ಧೈರ್ಯ ನನಗಿರಲಿಲ್ಲ.

“ಏನ ಕೇಳಿದ್ರು?” ಅಂದೆ.

“ಜಿಗಿಸಿದ್ರು, ಓಡಿಸಿದ್ರು, ಒಂಟಿ ಕಾಲ ಮ್ಯಾಲ ನಿಲ್ಲಿಸಿದ್ರು. ಎಲ್ಲಾ ಪಾಸ್. ಆಮ್ಯಾಲ ಪ್ರಶ್ನೆ. ಆಟದಾಗ ಇಳಿದ್ರ ಮೊಣಕಾಲು ಮತ್ತ ಹೋಗ್ತದಂತ ಅಂಜಿಕಿ ಅದ ಏನು? ಕಾಲಿನ ಚಿಂತಿ ಬಿಟ್ಟು ಆಡ್ತಿ ಏನು? ಧೈರ್ಯ ಎಷ್ಟದ ಅಂತ ಸೊನ್ನೆಯಿಂದ ನೂರರ ಒಳಗ ಒಂದು ನಂಬರ್ ಹೇಳಬೇಕು. ನಂದು ಭಾಳ ಕಡಿಮಿ ಬಂತು. ನಿನಗ ಖುಷಿ ಆತಲ್ಲ?”

“ಹಂಗಲ್ಲ…”

“ಅಂಜಿಕಿ ಯಾವಾಗ ಬರ್ತದ ಅಂತನೂ ಕೇಳಿದ್ರು. ಮುಂಜಾನಿ, ನಮ್ಮವ್ವ ವಿಭೂತಿ ಹಚ್ಚುವಾಗ ಅಂದೆ.”

ದಿನಾ ಲಿಂಗಪೂಜೆ ಮುಗಿಸಿ ಅವಳ ಹಣೆಗೆ ವಿಭೂತಿ ಹಚ್ಚುತ್ತಿದ್ದೆ, ಹಾಗೇ ಮೊಣಕಾಲಿನ ಹೊಲಿಗೆಯ ಗುರುತಿಗೂ. “ಶಿವನೇ, ಇದು ಮತ್ತ ಹರಿಬಾರದಪ್ಪಾ” ಎಂದು ಗಟ್ಟಿಯಾಗಿ ಬೇಡುತ್ತಿದ್ದೆ. ಅದು ಅವಳಿಗೆ ಕಾವಲು ಎಂದುಕೊಂಡಿದ್ದೆ. ಎದ್ದ ಕೂಡಲೇ ತಾಯಿಯ ಬಾಯಿಂದ ಮೊಣಕಾಲು ಹರಿಯುವ ಮಾತನ್ನೇ ಕೇಳಿದ ಮಗು ಯಾವ ಧೈರ್ಯದಿಂದ ಜಿಗಿಯಬೇಕು?

“ಡಾಕ್ಟರಮ್ಮ ನಕ್ಕರೇನು?”

“ಇಲ್ಲ. ನಿಮ್ಮವ್ವಗೂ ಇವೇ ಪ್ರಶ್ನೆ ಕೇಳಬೇಕು ಅಂದ್ರು. ನಿನಗ ಸೊನ್ನೆ ಬರ್ತದ ಬಿಡು.”

ಹೇಳಿ ತಾನೇ ನಕ್ಕಳು. ಆ ನಗು ದೇವರು ಕೊಟ್ಟದ್ದು ಎಂದುಕೊಂಡೆ. ಕಾಲು ಗಟ್ಟಿಯಾಗಿದೆ, ಅದೂ ಅವನ ದಯೆ. ಮುಂದಿನ ತಿಂಗಳು ಮತ್ತೆ ಬರಲು ಹೇಳಿದ್ದಾರೆ, ಬಾಗಿಲು ಮುಚ್ಚಿಲ್ಲ. ಇಷ್ಟೆಲ್ಲ ಕರುಣೆ ಎಣಿಸಿದರೂ ಎದೆಯ ಭಾರ ಇಳಿಯಲಿಲ್ಲ. ಹರಿಯದಿರಲಿ ಎಂದು ಬೇಡಿದ್ದು ಬಾಯಿ. ಒಳಗಿನ ಜೀವ ಬೇಡಿದ್ದು, ಅವಳು ಆಡದೇ ಇರಲಿ ಎಂದು. ಶಿವನಿಗೆ ಅದು ಗೊತ್ತಿತ್ತು. ಮಗಳಿಗೂ ಗೊತ್ತಾಗಿತ್ತೇನೋ.

ಮರುದಿನ ಪೂಜೆ ಮುಗಿಯುವುದನ್ನೇ ಕಾಯ್ದು ಕಾಲು ಚಾಚಿ ಕೂತಳು.

“ಹಚ್ಚು. ಆದ್ರ ಸುಮ್ಮನ ಹಚ್ಚು.”

ಹಚ್ಚಿದೆ. ಹಳೆಯ ಮಾತು ತುಟಿಯ ತನಕ ಬಂತು, ನುಂಗಿದೆ.

“ಆಡವ್ವ,” ಅಂದೆ.

“ದನಿನೇ ಬರ್ಲಿಲ್ಲ.”

“ಆಡು ಅಂದೆ!”

“ಬೈದಂಗ ಅನ್ನಬ್ಯಾಡ ಮತ್ತ,” ಎಂದು ಎದ್ದು ಅಂಗಳಕ್ಕೆ ಹೋದಳು. ಅಲ್ಲಿ ಅವಳು ಜಿಗಿಯುವ ಸಪ್ಪಳ ಕೇಳಿಸಿತು. ಹೊರಗೆ ಹೋಗಿ ನೋಡಲಿಲ್ಲ. ಬೆರಳಿಗಂಟಿದ ವಿಭೂತಿ ತೊಳೆದು, ರೊಟ್ಟಿಗೆ ಎಸರಿಟ್ಟು, ಜೋಳದ ಹಿಟ್ಟು ಜರಡಿ ಹಿಡಿಯತೊಡಗಿದೆ.